ಗಂಗಾವತಿ, ಕನಕಗಿರಿ ಕಡೆ ಬೈಕಿನಲ್ಲಿ ಹೋಗುವವರಿಗೆ: ದುಬಾರಿ ರೂಮು, ಬೋರ್ಡ್ ಇಲ್ಲದ ಹೋಟೆಲ್

ಡಿಸೆಂಬರ್ ಮೊದಲ ವಾರ ಗೆಳೆಯ ಮತ್ತು ನಾನು ಒಂದೇ ಬೈಕಿನಲ್ಲಿ ತುಮಕೂರಿನಿಂದ ಕೊಪ್ಪಳ, ರಾಯಚೂರು ಕಡೆ ಹೋಗಿ ಬಂದೆವು. ಚಿತ್ರದುರ್ಗ ದಾಟಿ ಹೊಸಪೇಟೆವರೆಗಿನ ಹೈವೇ ಬಗ್ಗೆ ಹೇಳುವುದೇನೂ ಇಲ್ಲ. ಸಾಣಾಪುರದ ಹತ್ತಿರ ರೂಮಿಗೆ ಸುಮ್ನೆ ಕಳೆದುಕೊಂಡ ದುಡ್ಡು ಮತ್ತು ಕನಕಗಿರಿಯ ಒಂದು ಪುಟ್ಟ ಹೋಟೆಲ್, ಇವೆರಡರ ಬಗ್ಗೆ ಹೇಳಲೇಬೇಕು ಅನ್ನಿಸಿತು.

ಮೊದಲು ರೂಮಿನ ವಿಷಯ. ಫೋನಿನಲ್ಲಿ 1,200 ಅಂದವರು ನಾವು ಶನಿವಾರ ರಾತ್ರಿ ಬಾಗಿಲಿಗೆ ಹೋಗಿ ನಿಂತಾಗ 2,500 ಅಂದರು. 'ವೀಕೆಂಡ್ ಸರ್, ರೇಟ್ ಬೇರೆ.' ಕತ್ತಲಾಗಿತ್ತು, ಬೆನ್ನು ಹಿಡಿದುಕೊಂಡಿತ್ತು, ಕೊಟ್ಟೆವು. ಬಿಸಿನೀರು ಬರಲಿಲ್ಲ. ಬೆಳಿಗ್ಗೆ ಟೀ ಕೇಳಿದರೆ ಒಂದು ಕಪ್ಪಿಗೆ 60 ರೂಪಾಯಿ. ಕುಡಿಯದೆ ಹೊರಟೆವು. ನದಿ, ಬಂಡೆ ನೋಡಿಕೊಂಡು ಮಲಗಲೇಬೇಕು ಅನ್ನುವವರು ರೇಟನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬೈಕಿನವರಿಗೆ ರಾತ್ರಿ ಮಲಗಲು ಒಂದು ಹಾಸಿಗೆ ಸಾಕು, ಅಲ್ವಾ? ಹಾಗಾದರೆ ಗಂಗಾವತಿ ಊರೊಳಗೆ ಲಾಡ್ಜ್ ಹಿಡಿಯಿರಿ.

ಅಂಜನಾದ್ರಿ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೇ ಬೆಟ್ಟದ ಕೆಳಗೆ ಗಾಡಿ ನಿಲ್ಲಿಸಲು ಜಾಗ ಇರಲಿಲ್ಲ. 575 ಮೆಟ್ಟಿಲು ಹತ್ತಲು ನನಗೆ ಬೇಜಾರಿಲ್ಲ. ಜನರ ಬೆನ್ನು ನೋಡುತ್ತಾ ಹತ್ತುವುದು ಮಾತ್ರ ನನ್ನಿಂದ ಆಗದು. ವಾರದ ನಡುವೆ ಹೋಗಲು ಆಗುವವರು ಹಾಗೇ ಮಾಡಿ.

ಗಂಗಾವತಿ ದಾಟಿ ಕನಕಗಿರಿ ರಸ್ತೆ ಹಿಡಿದೆವು. ಇದು ತುಂಗಭದ್ರಾ ಕಾಲುವೆಯ ಸೀಮೆ, ಸೋನಾ ಮಸೂರಿಗೆ ಹೆಸರಾದ ಊರು. ಡಿಸೆಂಬರಿನಲ್ಲಿ ಭತ್ತದ ಕೊಯ್ಲು. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಣ ಇಲ್ಲದ ರೈತರು ಇನ್ನೆಲ್ಲಿ ಒಣಗಿಸಬೇಕು? ಆದರೆ ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಈ ತಿಂಗಳುಗಳಲ್ಲಿ ಸಂಜೆ ಆರರ ನಂತರ ಈ ಕಡೆ ಬೈಕ್ ಓಡಿಸಬೇಡಿ.

ಕನಕಗಿರಿ ಇನ್ನೇನು ಬಂತು ಅನ್ನುವಾಗ ಹಿಂದಿನ ಚಕ್ರ ಕೂತುಬಿಟ್ಟಿತು. ಮೊಳೆ. ನಮ್ಮದು ಟ್ಯೂಬ್ ಇರುವ ಟೈರು, ಬೇರೆ ಟ್ಯೂಬ್ ಇಟ್ಟುಕೊಂಡಿರಲಿಲ್ಲ. ನೀವು ಇಟ್ಟುಕೊಳ್ಳಿ. ಒಂದೂವರೆ ಕಿಲೋಮೀಟರ್ ತಳ್ಳಿಕೊಂಡು ಊರೊಳಗೆ ಬಂದರೆ ಪಂಕ್ಚರ್ ಅಂಗಡಿಗೆ ಬೀಗ. ಪಕ್ಕದಲ್ಲೇ ಎಣ್ಣೆ ಕಾದ ವಾಸನೆ. ತಗಡಿನ ಮಾಡು, ಹೊರಗೆ ಎರಡು ಕಲ್ಲಿನ ಬೆಂಚು, ಬೋರ್ಡ್ ಇಲ್ಲ.

ನಾವಿನ್ನೂ ಬೈಕಿಗೆ ಸ್ಟ್ಯಾಂಡ್ ಹಾಕಿರಲಿಲ್ಲ. ಒಳಗಿನಿಂದ ಅಜ್ಜಿಯೊಬ್ಬರು ಚೊಂಬಿನಲ್ಲಿ ನೀರು ತಂದರು. 'ಕುಂದರ್ರಿ ತಮ್ಮಾ, ಮೊದ್ಲು ನೀರ ಕುಡೀರಿ. ಅಂವ ಒಂಬತ್ತೂವರಿಗೆ ಬರ್ತಾನ.' ಅವರ ಮಗ ಬಾಣಲೆ ಮುಂದೆ ನಿಂತಿದ್ದರು. ಅಲ್ಲಿಂದಲೇ ಪಂಕ್ಚರ್ ಅಂಗಡಿಯವನಿಗೆ ಫೋನ್ ಮಾಡಿದರು. ನಾವು ಕೇಳಿರಲೇ ಇಲ್ಲ.

ಇನ್ನು ಒಗ್ಗರಣಿ ಮಿರ್ಚಿ. ನಮ್ಮ ಕಡೆ ಮಂಡಕ್ಕಿ ಅಂದರೆ ಸಂಜೆ ಬಾಯಾಡಿಸುವ ಚುರುಮುರಿ. ಇಲ್ಲಿ ಅದೇ ಬೆಳಗಿನ ತಿಂಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುವ ಮೊದಲೇ ಎರಡೂ ಕೈಯಲ್ಲಿ ಹಿಂಡಿ ತೆಗೆಯುತ್ತಾರೆ. ಅರ್ಧ ನಿಮಿಷ ತಡವಾದರೆ ಮುದ್ದೆ. ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಗೆ ಅದನ್ನು ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡಿ ಕೊಟ್ಟರು. ಆ ಪುಟಾಣಿ ಹಿಟ್ಟಿನಿಂದಲೇ ರುಚಿ. ಜೊತೆಗೆ ಆಗಷ್ಟೇ ಬಾಣಲೆಯಿಂದ ಎತ್ತಿದ ಎರಡು ಮಿರ್ಚಿ. ಮೆಣಸಿನಕಾಯಿ ಸೀಳಿ ಒಳಗೆ ಉಪ್ಪು, ಜೀರಿಗೆ ಸವರಿದ್ದರು. ಖಾರ ಮೂಗಿಗೆ ಏರದೆ ನಾಲಿಗೆಯಲ್ಲೇ ನಿಂತಿತು. ಪ್ಲೇಟಿಗೆ 30 ರೂಪಾಯಿ. ಇನ್ನೊಂದು ಪ್ಲೇಟ್ ಮಿರ್ಚಿ ತರಿಸಿದೆವು, ಅದು 20. ಎರಡು ಚಹಾ 20. ಒಟ್ಟು ನೂರು ರೂಪಾಯಿಗೆ ಇಬ್ಬರ ಹೊಟ್ಟೆಯೂ ತುಂಬಿತು. ಹಿಂದಿನ ರಾತ್ರಿಯ 2,500 ನೆನಪಾಗಿ ನನಗೆ ಸಿಟ್ಟೇ ಬಂತು.

ಅಜ್ಜಿ ಬ್ಯಾಗು, ಹೆಲ್ಮೆಟ್ ಎಲ್ಲ ಒಳಗೆ ಇಡಿಸಿಕೊಂಡು ನಮ್ಮನ್ನು ಗುಡಿಗೆ ಕಳಿಸಿದರು. 'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಅನ್ನುವ ಮಾತನ್ನು ಅವರ ಬಾಯಿಂದಲೇ ಕೇಳಿದ್ದು. ಕನಕಾಚಲಪತಿ ಗುಡಿ ವಿಜಯನಗರ ಕಾಲದ್ದು, ಇಲ್ಲಿನ ನಾಯಕರು ಬೆಳೆಸಿದ್ದು. ಕಂಬ ನೋಡಿ ಹೊರಟುಬಿಡಬೇಡಿ. ತಲೆ ಎತ್ತಿ ಗಾರೆಯ ಮೂರ್ತಿಗಳನ್ನು ನೋಡಿ, ಕೈ ಬೀಸಿ ನಿಂತ ಭಂಗಿಗಳು ಇವತ್ತಿಗೂ ಜೋರಾಗಿವೆ. ಅಶೋಕನ ಕಾಲದ ಸುವರ್ಣಗಿರಿ ಇದೇ ಊರು ಅನ್ನುವ ಇತಿಹಾಸಕಾರರೂ ಇದ್ದಾರೆ. ಭಾನುವಾರವಾದರೂ ಒಳಗೆ ಹತ್ತು ಜನ ಇರಲಿಲ್ಲ. ಒಂದು ಗಂಟೆ ಸುಮ್ಮನೆ ಕೂತಿದ್ದೆವು.

ವಾಪಸ್ ಬರುವಷ್ಟರಲ್ಲಿ ಚಕ್ರ ರೆಡಿ. ಪಂಕ್ಚರ್‌ಗೆ ನೂರು ರೂಪಾಯಿ ಕೊಟ್ಟೆವು. ಮತ್ತೆ ಚಹಾ ಕುಡಿದೆವು. ಅದಕ್ಕೆ ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳಲಿಲ್ಲ. 'ಅದು ನಂದು, ಹೋಗ್ರಿ' ಅಂದರು ಅಜ್ಜಿ. ನೀವು ಹೋದರೆ ಬಸ್ ನಿಲ್ದಾಣದ ಕಡೆ ಪಂಕ್ಚರ್ ಅಂಗಡಿ ಎಲ್ಲಿ ಅಂತ ಕೇಳಿ, ಪಕ್ಕದ್ದೇ ಹೋಟೆಲ್. ಹತ್ತು ಗಂಟೆಯೊಳಗೆ ಹೋಗಿ. ನಾವು ಗುಡಿಯಿಂದ ಬಂದಾಗ ಬಾಣಲೆ ಇಳಿಸಿಯಾಗಿತ್ತು, ಚಹಾ ಮಾತ್ರ ಇತ್ತು. ಕೈಯಲ್ಲಿ ಚಿಲ್ಲರೆ ಇರಲಿ, ಅವರ ಹತ್ತಿರ ಸ್ಕ್ಯಾನರ್ ಇಲ್ಲ.

ಅಲ್ಲಿಂದ ತಾವರಗೇರಾ ಮೇಲೆ ಮುದಗಲ್ಲಿಗೆ ಹೋದೆವು. ಕೋಟೆಗೆ ಮಧ್ಯಾಹ್ನ ಬೇಡ, ನಾಲ್ಕರ ನಂತರ ಹೋಗಿ, ಬಿಸಿಲು ಇಳಿದಿರುತ್ತದೆ. ರಾತ್ರಿ ಉಳಿಯಲು ಲಿಂಗಸುಗೂರು ಸಾಕು. ರೂಮಿಗೆ 700 ಕೊಟ್ಟೆವು, ಬಿಸಿನೀರು ಬಂತು.