ಪರದೇಶದ ವಾದ್ಯ, ಫ್ರಾನ್ಸಿನ ಹಾಳೆ

ರೊಕೊಕೊ ಕಾಲದ, ಅಂದರೆ ಬಾಗುಗೆರೆ, ನಾಜೂಕು ಅಲಂಕಾರಗಳು ಮೆರೆದ ಹದಿನೆಂಟನೇ ಶತಮಾನದ ಫ್ರೆಂಚ್ ಮುದ್ರಣಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ಮೊದಲು ಹುಡುಕುವುದು ವಾದ್ಯಗಳನ್ನು. ಚೀನಾವನ್ನಾಗಲಿ ತುರ್ಕಿಯನ್ನಾಗಲಿ ತೋರಿಸಬೇಕೆಂದಾಗ ಆ ಕಾಲದ ಕಲಾವಿದರು ಉಡುಪು, ಕೊಡೆಗಳ ಜೊತೆಗೆ ಒಂದು ತಂತಿವಾದ್ಯವನ್ನೋ ಕೊಳಲನ್ನೋ ಪಾತ್ರಗಳ ಕೈಗಿಡುತ್ತಿದ್ದರು. ಚಿತ್ರಕ್ಕೆ ದನಿಯಿಲ್ಲವಾದ್ದರಿಂದ ಆ ಸಂಗೀತ ಹೇಗಿರುತ್ತದೆಂದು ಅವರು ತಿಳಿದಿರಬೇಕಾದ ಅಗತ್ಯವೇ ಇರಲಿಲ್ಲ.

ಆ ಕಾಲದ ಹೆಸರಾಂತ ಫ್ರೆಂಚ್ ಚಿತ್ರಕಾರ ಫ್ರಾನ್ಸುವಾ ಬೂಶೆ ಚೀನಾವನ್ನು ಕಂಡವನಲ್ಲ. ಅವನಿಗಿಂತ ಹಿರಿಯ ಚಿತ್ರಕಾರ ವಾತೋ ರಚಿಸಿದ್ದ ಚೀನೀ ಆಕೃತಿಗಳಲ್ಲಿ ಕೆಲವನ್ನು ತಾಮ್ರದ ತಗಡಿಗಿಳಿಸಿದ ಅನುಭವ ಅವನಿಗಿತ್ತು; ಮುಂದೆ ಅವನದೇ ಚೀನೀ ದೃಶ್ಯಗಳನ್ನು ಮುದ್ರಣಕಾರ ಗೇಬ್ರಿಯಲ್ ಯುಕಿಯೆ ಕೆತ್ತಿ ಪ್ರಕಟಿಸಿದ. ಆಮ್ಲದಿಂದ ಕೊರೆಯುವ ಎಚಿಂಗ್‌ನಲ್ಲಿ ಸೂಜಿ ಮೇಣದ ಲೇಪದ ಮೇಲೆ ಸಲೀಸಾಗಿ ಓಡುವುದರಿಂದ, ಬಳ್ಳಿಯ ಬಾಗು, ಚಿಪ್ಪಿನ ಅಂಚು, ವಾದ್ಯದ ಕತ್ತು ಎಲ್ಲವೂ ಒಂದೇ ಲಯದ ಗೆರೆಯಲ್ಲಿ ಹೊಮ್ಮಲು ಸಾಧ್ಯವಾಯಿತು. ಅಲ್ಲಿ ವಾದ್ಯವು ಬಹುಮಟ್ಟಿಗೆ ಅಲಂಕಾರದ ಒಂದು ಅಂಗ. ಸೊಗಸಾದ ಅಂಗ, ನಿಜ. ಆದರೆ ಆ ಸೊಗಸಿನಲ್ಲಿ ವಾದಕ ಯಾರೆಂಬ ಪ್ರಶ್ನೆ ಕರಗಿಹೋಗುತ್ತದೆಂಬುದು ನನ್ನನ್ನು ಕಾಡುತ್ತದೆ.

ಈ ಕಾರಣಕ್ಕೇ ಇಸ್ತಾಂಬುಲ್‌ನಲ್ಲಿ ನೆಲೆಸಿದ್ದ ಚಿತ್ರಕಾರ ವಾನ್‌ಮೂರ್‌ನ ಚಿತ್ರಗಳು ನನಗೆ ಹೆಚ್ಚು ಮುಖ್ಯ. ಅವನೂ ವಾತೋನಂತೆ ವಲಾನ್ಸಿಯೆನ್ ಊರಿನವನೇ. ಅಲ್ಲಿದ್ದ ಫ್ರಾನ್ಸಿನ ರಾಯಭಾರಿ ಫೆರಿಯೋಲ್ ಅವನಿಂದ ಬರೆಸಿದ ಚಿತ್ರಗಳು 1714ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ನೂರು ಮುದ್ರಣಗಳ ಸಂಪುಟವಾಗಿ ಹೊರಬಂದವು. ಅದರ ಒಂದು ಹಾಳೆಯಲ್ಲಿ ತುರ್ಕಿ ಹುಡುಗಿಯೊಬ್ಬಳು ಕುಳಿತು ಉದ್ದ ಕತ್ತಿನ ತಂತಿವಾದ್ಯವನ್ನು ನುಡಿಸುತ್ತಿದ್ದಾಳೆ. ವಾದ್ಯದ ಹೆಸರನ್ನೂ ಶೀರ್ಷಿಕೆಯಲ್ಲಿ ಕೊಡಲಾಗಿದೆ. ಇನ್ನೂ ಅಚ್ಚರಿಯೆಂದರೆ, ಇಸ್ತಾಂಬುಲ್‌ನ ಪೆರಾ ಬಡಾವಣೆಯ ದರ್ವೇಶಿಗಳು, ಅಂದರೆ ಸೂಫಿ ಸಾಧಕರು, ಸುತ್ತುತ್ತಾ ಕುಣಿಯುವ ದೃಶ್ಯದ ಜೊತೆಗೆ ಆ ಕುಣಿತದ ಸಂಗೀತವನ್ನೂ ಸ್ವರಲಿಪಿಯಲ್ಲಿ ಕೆತ್ತಿ ಸೇರಿಸಿದ್ದರು. ಯುರೋಪಿನ ಐದು ಗೆರೆಗಳಲ್ಲಿ ತುರ್ಕಿ ಸಂಗೀತದ ರಾಗಪದ್ಧತಿಯಾದ ಮಖಾಮಿನ ಸೂಕ್ಷ್ಮ ಸ್ವರಾಂತರಗಳು ಪೂರ್ತಿಯಾಗಿ ಹಿಡಿಸುವಂಥವಲ್ಲ. ಹಾಗಿದ್ದರೂ ನೋಡುವವನು ಕೇಳಲೂ ಬೇಕೆಂದು ಬಯಸಿದ ಆ ಪುಟವನ್ನು ನಾನು ಬೂಶೆಯ ಎಷ್ಟೋ ಕುಶಲ ಹಾಳೆಗಳಿಗಿಂತ ಮೇಲೆ ಇಡುತ್ತೇನೆ.

ರಷ್ಯಾದಲ್ಲಿ ಕೆಲವು ವರ್ಷ ಕಳೆದು ಬಂದ ಫ್ರೆಂಚ್ ಕಲಾವಿದ ಲೆಪ್ರಾಂಸ್ 1768ರ ಸುಮಾರಿಗೆ, ರಾಳದ ಪುಡಿಯನ್ನು ತಗಡಿಗೆ ಅಂಟಿಸಿ ಮಸಿಯ ಛಾಯೆಗಳನ್ನು ಪಡೆಯುವ ಅಕ್ವಾಟಿಂಟ್ ವಿಧಾನವನ್ನು ಬಳಕೆಗೆ ತಂದ. ಅವನ ರಷ್ಯನ್ ದೃಶ್ಯಗಳಲ್ಲೂ ನಾಜೂಕು ಇಲ್ಲದಿಲ್ಲ, ಆದರೆ ಆ ಜನರ ನಡುವೆ ಓಡಾಡಿದ ಕಣ್ಣು ಅವುಗಳ ಹಿಂದಿದೆ.