ಕಂಬದ ಬುಡದ ಎರಡು ಹಿಡಿ ಗೋಧಿ

ಬುಧವಾರ ಸಂಜೆ ಏಳೂ ಮುಕ್ಕಾಲು. ಆಫೀಸಿನಲ್ಲಿ ನಾನೊಬ್ಬಳೇ ಕೂತು ಪಾರ್ಕಿಂಗ್ ಬೋರ್ಡುಗಳಿಗೆ ಲ್ಯಾಮಿನೇಷನ್ ಹಾಕುತ್ತಿದ್ದೆ. ಶುಕ್ರವಾರದ ಸುಗ್ಗಿ ಕಾರ್ಯಕ್ರಮಕ್ಕೆ ಸ್ಟೀವರ್ಡ್ ಆಗಿ, ಅಂದರೆ ಜನರನ್ನು ನೋಡಿಕೊಳ್ಳಲು, ಒಪ್ಪಿದ್ದ ಹುಡುಗಿ ಒಂದು ಫೋಟೋ ಕಳಿಸಿದಳು. ಹೊಲ, ಧೂಳು, ಧೂಳಿನ ನಡುವೆ ಹಸಿರು ಬಣ್ಣದ ಕಂಬೈನ್, ಪೈರು ಕೊಯ್ಯುವ ದೊಡ್ಡ ಮಷೀನು. ಕೆಳಗೆ ಒಂದು ಸಾಲು: "ಇದು ನಿಮಗೆ ಗೊತ್ತಿದ್ದೇ ನಡೀತಿರೋದು ಅಲ್ವಾ?"

ನನಗೆ ಗೊತ್ತಿರಲಿಲ್ಲ. ಆದರೂ ಇಪ್ಪತ್ತು ನಿಮಿಷ ನಾನು ಎದ್ದೇಳಲಿಲ್ಲ. ಪಕ್ಕದ ಹೊಲ ಇರಬೇಕು ಅಂದುಕೊಂಡೆ. ಫೋಟೋ ದೊಡ್ಡದು ಮಾಡಿ ನೋಡಿದೆ, ಹಿಂದೆ ಚರ್ಚಿನ ಗೋಪುರ ಕಾಣಿಸಿತು. ಅದು ಎಲ್ಲ ಹೊಲದಿಂದಲೂ ಕಾಣುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರೈತನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಹಾಕಿದೆ. ಇನ್ನೆರಡು ಬೋರ್ಡು ಮುಗಿಸಿದೆ. ಆ ಇಪ್ಪತ್ತು ನಿಮಿಷ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಕುಶಾಲನಗರದವಳು. ಗಂಡನ ಆಸ್ಪತ್ರೆ ಕೆಲಸದಿಂದಾಗಿ ಇಂಗ್ಲೆಂಡಿನ ನೈರುತ್ಯ ತುದಿಗೆ, ಕಾರ್ನ್‌ವಾಲ್‌ಗೆ ಬಂದೆ. ಹೆಲ್ಸ್‌ಟನ್ ಕಡೆಯ ಒಂದು ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ನಲ್ಲಿ, ನಮ್ಮ ಗ್ರಾಮ ಪಂಚಾಯಿತಿ ತರಹದ್ದು, ಅರ್ಧ ದಿನದ ಕೆಲಸ. ಊರಿನ ಕಾರ್ಯಕ್ರಮಗಳ ಓಡಾಟವೆಲ್ಲ ನನ್ನದೇ. ಸೇರಿದ ಮೊದಲ ವಾರ ಹಿರಿಯರೊಬ್ಬರು ಯಾವ ಊರು ಅಂತ ಕೇಳಿದರು. ಕರ್ನಾಟಕ ಅಂದೆ. ತಟ್ಟನೆ "ಕೋಲಾರ?" ಅಂದರು. ಅವರ ಮುತ್ತಜ್ಜ ಕೆಜಿಎಫ್ ಗಣಿಯಲ್ಲಿ ಇದ್ದವರಂತೆ. 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಅಲ್ಲಿ ಗಣಿ ನಡೆಸುವಾಗ ಇಲ್ಲಿಂದ ಎಷ್ಟೋ ಗಣಿಗಾರರು ಹೋಗಿದ್ದರು. ಇಷ್ಟು ದೂರದ ಹಳ್ಳಿಯಲ್ಲಿ ನಮ್ಮ ಕಡೆಯ ಒಂದು ಊರಿನ ಹೆಸರು ಕೇಳಿದಾಗ ಎದೆ ತುಂಬಿ ಬಂತು. ಅವರು ಇಲ್ಲಿನ ಓಲ್ಡ್ ಕಾರ್ನ್‌ವಾಲ್ ಸೊಸೈಟಿಯ ಸದಸ್ಯರು; ಈ ನಾಡಿನ ಹಳೆಯ ಪದ್ಧತಿಗಳನ್ನು ಉಳಿಸುವ ಸಂಘ ಅದು. ಮುಂದೆ ಈ ಕಥೆಯಲ್ಲಿ ಬರುವ ಹಿರಿಯರು ಅವರೇ.

ಶುಕ್ರವಾರ ನಡೆಯಬೇಕಿದ್ದದ್ದು ಕ್ರೈಯಿಂಗ್ ದ ನೆಕ್. ಸುಗ್ಗಿಯ ಕೊನೆಯ ಶಾಸ್ತ್ರ. ಹೊಲವೆಲ್ಲ ಕೊಯ್ದ ಮೇಲೆ ನಿಂತಿರುವ ಕೊನೆಯ ಒಂದು ಹಿಡಿ ಗೋಧಿಗೆ ನೆಕ್ ಅಂತಾರೆ. ಅದನ್ನು ಕೊಯ್ದವನು ತಲೆಯ ಮೇಲೆ ಎತ್ತಿ ಹಿಡಿದು ಮೂರು ಸಲ ಕೂಗುತ್ತಾನೆ, "ನನ್ನ ಹತ್ರ ಇದೆ!" ಉಳಿದವರು ಮೂರು ಸಲ ಕೇಳುತ್ತಾರೆ, "ಏನಿದೆ ನಿನ್ನ ಹತ್ರ?" ಅವನು ಮೂರು ಸಲ, "ನೆಕ್!" ಆಮೇಲೆ ಎಲ್ಲರೂ ಸೇರಿ ನೆಕ್‌ಗೂ ಹೊಲದ ಯಜಮಾನನಿಗೂ ಜೈಕಾರ ಹಾಕುತ್ತಾರೆ. ಕೈಯಲ್ಲಿ ಕೊಯ್ಯುವ ಕಾಲ ಹೋದ ಮೇಲೆ ಇದೂ ಮರೆಯಾಗಿತ್ತು. ಮತ್ತೆ ಶುರು ಮಾಡಿಸಿದ್ದು ಈ ಸೊಸೈಟಿಗಳು. ಮೊದಲನೆಯದು 1920ರಲ್ಲಿ ಸೇಂಟ್ ಐವ್ಸ್‌ನಲ್ಲಿ ಹುಟ್ಟಿತು, 1924ರಲ್ಲಿ ಎಲ್ಲಾ ಸೇರಿ ಒಕ್ಕೂಟವಾಯಿತು.

ಕೂಗನ್ನು ಮೊದಲು ಕಾರ್ನಿಷ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕಾರ್ನಿಷ್‌ನಲ್ಲಿ "ಇಮಾ ಗೆನೆವ್". ಪದಕ್ಕೆ ಪದ ಇಟ್ಟರೆ "ಇದೆ, ನನ್ನ ಜೊತೆ". ಇಂಗ್ಲಿಷಿನವರ ಹಾಗೆ "ನಾನು ಹೊಂದಿದ್ದೇನೆ" ಅಂತ ಅಲ್ಲ, ನಾವು ಹೇಳುವ ಹಾಗೇ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಚಿಕ್ಕವಳಿದ್ದಾಗ ಗೆಳತಿಯ ಮನೆಯ ಹುತ್ತರಿಗೆ ಹೋಗುತ್ತಿದ್ದೆ. ರಾತ್ರಿ ಗದ್ದೆಗಿಳಿದು, ಗುಂಡು ಹಾರಿಸಿ, ಕದಿರು ತೆಗೆದು "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಮನೆಗೆ ತರುತ್ತಿದ್ದರು. ಅಲ್ಲಿ ಮೊದಲ ಕದಿರಿಗೆ ಕೂಗು, ಇಲ್ಲಿ ಕೊನೆಯದಕ್ಕೆ. ಹಾಗಾಗಿ ಈ ಕಾರ್ಯಕ್ರಮದ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಇಷ್ಟೊಂದು ಪ್ರೀತಿ ಇಟ್ಟುಕೊಂಡೂ ಹೀಗೆ ತಪ್ಪಿದೆನಲ್ಲ ಅನ್ನೋದೇ ಚುಚ್ಚುವ ವಿಷಯ.

ಪ್ಲಾನಿಂಗ್ ಶೀಟಿನಲ್ಲಿ 34 ಸಾಲು ಇದ್ದವು. ಹಾಲ್ ಬುಕಿಂಗ್, ಪಾಸ್ಟಿ (ಒಳಗೆ ಹೂರಣ ತುಂಬಿ ಬೇಯಿಸಿದ ಇಲ್ಲಿನ ತಿಂಡಿ) ಆರ್ಡರ್, ಕೇಸರಿ ಬನ್ನು, ಚರ್ಚಿನ ಪ್ರಾರ್ಥನೆ, ಬ್ಯಾಂಡು. ಸೈದ್, ಅಂದರೆ ಉದ್ದ ಹಿಡಿಯ ಬೀಸುಗತ್ತಿ, ಬಳಸುವುದರಿಂದ ಅದಕ್ಕೇ ಬೇರೆ ಆರ್‌ಎ (ರಿಸ್ಕ್ ಅಸೆಸ್‌ಮೆಂಟ್, ಅಪಾಯಗಳನ್ನು ಪಟ್ಟಿ ಮಾಡುವ ಫಾರ್ಮು). ಊಟದ ಜೊತೆ ಸೈಡರ್, ಅಂದರೆ ಸೇಬಿನ ಮದ್ಯ, ಮಾರುವುದರಿಂದ ಟೆನ್ (ಟೆಂಪರರಿ ಇವೆಂಟ್ ನೋಟಿಸ್) ಹಾಕಬೇಕಿತ್ತು. ಫೀಸು 21 ಪೌಂಡ್, ಕನಿಷ್ಠ 10 ಕೆಲಸದ ದಿನ ಮುಂಚೆ ಕೊಡಬೇಕು, ತಾರೀಖು ಬರೆದೇ ಕೊಡಬೇಕು. ತಾರೀಖು ಬದಲಾದರೆ ಮತ್ತೆ ಹೊಸದಾಗಿ ಹಾಕಬೇಕು. ಹಾಗಾಗಿ ಜುಲೈನಲ್ಲೇ ಶುಕ್ರವಾರ ಅಂತ ಗಟ್ಟಿ ಮಾಡಿದ್ದೆ. ಪೋಸ್ಟರ್ ಅಂಟಿಸಿಯೂ ಆಗಿತ್ತು. ನಮ್ಮ ಆಫೀಸಿನ ಎಲ್ಲಾ ಫಾರ್ಮುಗಳೂ ತಾರೀಖಿನಿಂದಲೇ ಶುರುವಾಗುತ್ತವೆ. ಗೋಧಿ ಯಾವಾಗ ಒಣಗುತ್ತದೆ ಅಂತ ಕೇಳುವ ಫಾರ್ಮು ಒಂದೂ ಇಲ್ಲ. ಇದನ್ನು ಮ್ಯಾನೇಜರ್‌ಗೆ ಮೂರು ಸಲ ಹೇಳಿದ್ದೇನೆ, ಟೆಂಪ್ಲೇಟ್ ಇನ್ನೂ ಅದೇ.

ಗೋಧಿಯ ಸಾಲು ಶೀಟಿನಲ್ಲಿ 11ನೆಯದು. "ನಿಂತ ಪೈರು, ಒಂದು ಪಟ್ಟಿ ಬಿಡಬೇಕು." ರೈತನಿಗೆ ಫೋನ್ ಮಾಡಿದ್ದೆ. ಕಂಬೈನ್ ಅವರದ್ದಲ್ಲ, ಬಾಡಿಗೆಯದ್ದು. "ಡ್ರೈವರ್‌ಗೆ ಪಟ್ಟಿ ಬಿಡೋಕೆ ಹೇಳ್ತೀರಾ?" ಅಂದೆ. "ಹೇಳ್ತೀನಮ್ಮ, ಡ್ರೆಕ್ಲಿ" ಅಂದರು.

ಡೈರೆಕ್ಟ್ಲಿ ಅನ್ನೋದನ್ನೇ ಇಲ್ಲಿನವರು ಹಾಗೆ ಎಳೆದು ಹೇಳುತ್ತಾರೆ ಅಂದುಕೊಂಡೆ. ಅಂದರೆ ಈಗಲೇ ಹೇಳುತ್ತಾರೆ. ಹಸಿರು ಬಣ್ಣ ಹಾಕಿ "ಕನ್ಫರ್ಮ್" ಅಂತ ಬರೆದೆ. ಸೋಮವಾರದ ಮೀಟಿಂಗಿನಲ್ಲಿ ಸಹೋದ್ಯೋಗಿ ಕೇಳಿದಳು ಕೂಡ, "ಡ್ರೈವರ್ ಜೊತೆ ನೀನೇ ಮಾತಾಡಿದ್ಯಾ?" ರೈತರು ಹೇಳಿದ್ದಾರೆ ಬಿಡು ಅಂದೆ. ಕಾರ್ನ್‌ವಾಲ್‌ನಲ್ಲಿ ಡ್ರೆಕ್ಲಿ ಅಂದರೆ ಯಾವಾಗಲಾದರೂ, ನೆನಪಾದಾಗ, ಆಮೇಲೆ ನೋಡೋಣ ಅಂತ. ಅಷ್ಟು ದಿನ ಇಲ್ಲಿದ್ದು, ಅಂಗಡಿಯಲ್ಲಿ ನೂರು ಸಲ ಕೇಳಿದ ಮಾತು. ನನ್ನ ಕೆಲಸದ ಮಟ್ಟಿಗೆ ಅದರ ಅರ್ಥ ಕೇಳಿಕೊಂಡಿರಲಿಲ್ಲ. ರೈತರ ತಪ್ಪೇನೂ ಇಲ್ಲ. ಸುಗ್ಗಿಯ ವಾರ ಅವರಿಗೆ ನೂರೆಂಟು ತಲೆನೋವು. ಡ್ರೈವರ್‌ಗೆ ಹೇಳುವುದು ನನ್ನ ಕೆಲಸವಾಗಿತ್ತು.

ಎಂಟೂ ಐದಕ್ಕೆ ಸ್ಟೀವರ್ಡ್ ಹುಡುಗಿಯ ಇನ್ನೊಂದು ಮೆಸೇಜ್. "ಅರ್ಧಕ್ಕಿಂತ ಜಾಸ್ತಿ ಆಯ್ತು." ಕಾರ್ ತೆಗೆದೆ.

ಇಲ್ಲಿನ ರಸ್ತೆ ಒಂದೇ ಗಾಡಿಯ ಅಗಲ. ಎರಡೂ ಪಕ್ಕ ಕಾರ್ನಿಷ್ ಹೆಡ್ಜ್. ಹೆಡ್ಜ್ ಅಂದರೆ ಗಿಡದ ಬೇಲಿ ಅಲ್ಲ, ಎರಡು ಕಡೆ ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿದ ಆಳೆತ್ತರದ ದಿಬ್ಬ. ಒಳಗೆ ಹೊಕ್ಕರೆ ಫೋನ್ ಸಿಗ್ನಲ್ ಇಲ್ಲ. ಅರ್ಧ ದಾರಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಹಿಂದೆ ಟ್ರೇಲರ್, ತುಂಬ ಗೋಧಿ. ನಾನೇ ರಿವರ್ಸ್ ತೆಗೆದುಕೊಳ್ಳಬೇಕು. ನೂರು ಗಜ ಹಿಂದಕ್ಕೆ ಹೋಗಿ ಪಾಸಿಂಗ್ ಪ್ಲೇಸ್‌ನಲ್ಲಿ ನಿಂತೆ. ಟ್ರೇಲರ್ ಪಕ್ಕದಲ್ಲೇ ಹಾದುಹೋಯಿತು. ನಾಲ್ಕು ಕಾಳು ಸಿಡಿದು ನನ್ನ ಕಾರಿನ ಬಾನೆಟ್ ಮೇಲೆ ಬಿದ್ದವು. ಅದು ಶುಕ್ರವಾರದ ಹೊಲದ ಗೋಧಿ. ನೋಡುತ್ತಾ ಕೂತಿದ್ದೆ, ಏನೂ ಮಾಡುವಂತಿರಲಿಲ್ಲ.

ಗೇಟಿನ ಹತ್ತಿರ ಕಾರ್ ಬಿಟ್ಟು ಓಡಿದೆ. ಕತ್ತಲಾಗುತ್ತಿತ್ತು. ದೂರದ ತುದಿಯಲ್ಲಿ ಕಂಬೈನಿನ ಲೈಟು ತಿರುಗಿತು. ನಡುವೆ ಒಂದೇ ಒಂದು ಪಟ್ಟಿ ನಿಂತಿತ್ತು, ಒಂದು ಸುತ್ತಿಗೆ ಸಾಕಾಗುವಷ್ಟು. ಫೋನಿನ ಟಾರ್ಚ್ ಹಾಕಿ ಕೈ ಬೀಸಿದೆ, ಕೂಗಿದೆ. ಕೂಳೆ ಚುಚ್ಚುತ್ತಿತ್ತು, ಕಾಲಲ್ಲಿ ಚಪ್ಪಲಿ. ಧೂಳಿನಲ್ಲಿ ಅವನಿಗೆ ನಾನು ಹೇಗೆ ಕಾಣಬೇಕು? ಮುಂದಿನ ರೀಲು ತಿರುಗುತ್ತಾ ಆ ಪಟ್ಟಿಯನ್ನು ಮಲಗಿಸಿ ಒಳಗೆ ಎಳೆದುಕೊಳ್ಳುತ್ತಾ ನನ್ನ ಕಡೆಗೇ ಬಂತು. ಪೂರ್ತಿ ಮುಗಿದ ಮೇಲೆ ನಿಂತಿತು. ಇಂಜಿನ್ ನಿಂತಾಗ ಕಿವಿ ಗುಂಯ್ ಅಂತಿತ್ತು.

ಡ್ರೈವರ್ ಇಳಿದು ಬಂದ. ಇಪ್ಪತ್ತೈದರ ಹುಡುಗ, ಮುಖವೆಲ್ಲ ಹೊಟ್ಟು. ಹೇಳಿದೆ. ಅವನಿಗೆ ನಿಜವಾಗಿ ಬೇಜಾರಾಯಿತು. "ನನಗೆ ಯಾರೂ ಹೇಳಲಿಲ್ಲ. ಮಧ್ಯರಾತ್ರಿಗೆ ಮಳೆ ಅಂತೆ. ತೇವಾಂಶ 15ಕ್ಕೆ ಇಳಿದಿತ್ತು, ಇವತ್ತು ಬಿಟ್ಟರೆ ಮತ್ತೆ ಒಣಗಿಸೋಕೆ ದುಡ್ಡು ಸುರಿಯಬೇಕು. ನನಗೆ ಇನ್ನೂ ಎರಡು ಹೊಲ ಇದೆ."

ನಾನು ಮಾತಾಡಲಿಲ್ಲ. ಮಾತಾಡಿದರೆ ಅಳು ಬರುತ್ತಿತ್ತು. ಅವನು ಹೊಲದ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೈ ತೋರಿಸಿದ. "ಕಂಬದ ಹತ್ತಿರ ನೋಡಿ. ಅಲ್ಲಿಗೆ ನಾನು ಹೋಗಲ್ಲ."

ಹೊಲದ ಮೂಲೆಯಲ್ಲಿ ಟೆಲಿಫೋನ್ ಕಂಬ. ಅದಕ್ಕೆ ಓರೆಯಾಗಿ ಎಳೆದು ಕಟ್ಟಿದ ಸ್ಟೇ ವೈರ್. ಕಂಬಕ್ಕೂ ವೈರಿಗೂ ನಡುವೆ ಮಷೀನು ನುಗ್ಗುವುದಿಲ್ಲ. ಅಲ್ಲಿ ನಿಂತಿತ್ತು ಗೋಧಿ. ಹೆಚ್ಚೆಂದರೆ ಎರಡು ಹಿಡಿ. ಕೆಲವು ತೆನೆ ಬಾಗಿದ್ದವು, ಬಳ್ಳಿಯ ಕಳೆ ಸುತ್ತಿಕೊಂಡಿತ್ತು, ಒಂದು ಮುಳ್ಳಿನ ಗಿಡವೂ ಇತ್ತು. ಹುಡುಗ ಕ್ಯಾಬಿನ್ನಿನಿಂದ ಹುಲ್ಲಿನ ಕಟ್ಟು ಕಟ್ಟುವ ಕಿತ್ತಳೆ ಬಣ್ಣದ ಬೇಲರ್ ದಾರ ತಂದು ಕೊಟ್ಟ. ಇಬ್ಬರೂ ಸೇರಿ ಕಂಬದಿಂದ ವೈರಿಗೆ ಸುತ್ತಿದೆವು. ಬೆಳಗ್ಗೆ ಹುಲ್ಲು ಕಟ್ಟಲು ಬರುವ ಬೇಲರ್‌ನವನ ನಂಬರನ್ನೂ ಅವನೇ ಕೊಟ್ಟ. ಈ ಸಲ ನಾನೇ ಫೋನ್ ಮಾಡಿದೆ, ಅಲ್ಲೇ ನಿಂತು, ಅವನು "ಸರಿ" ಅನ್ನುವವರೆಗೆ.

ಗುರುವಾರ ಬೆಳಗ್ಗೆ ಮಳೆಯಲ್ಲೇ ಹಿರಿಯರನ್ನು ಕರೆದುಕೊಂಡು ಹೋದೆ. ರಾತ್ರಿಯೆಲ್ಲ ಏನು ಹೇಳಬೇಕು ಅಂತ ಯೋಚಿಸಿದ್ದೆ. ಕೊನೆಗೆ "ನನ್ನಿಂದ ತಪ್ಪಾಯ್ತು" ಅಂತಷ್ಟೇ ಹೇಳಿದೆ. ಅವರು ದಾರದ ಒಳಗೆ ಬಗ್ಗಿ ಒಂದು ತೆನೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಪ್ರತಿ ವರ್ಷ ನಾವು ಹೇಳಿ ಬಿಡಿಸಿದ ಪಟ್ಟಿಯಿಂದ ಕೊಯ್ಯುತ್ತಿದ್ದೆವು, ಇದು ತಾನಾಗಿಯೇ ಉಳಿದದ್ದು, ನಿಜವಾಗಿ ಕೊನೆಯದು ಅಂದರು. ಆಮೇಲೆ ಸೊಸೈಟಿಯ ಧ್ಯೇಯವಾಕ್ಯ ಹೇಳಿದರು, ಕಾರ್ನಿಷ್‌ನಲ್ಲಿ. ಉಳಿದ ಚೂರುಗಳನ್ನು ಕೂಡಿಸಿ, ಏನೂ ಕಳೆದುಹೋಗದಿರಲಿ ಅಂತ ಅದರ ಅರ್ಥ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಆ ಮಾತು ನನ್ನ ಮೇಜಿನ ಮೇಲಿನ ಕಾಗದದಲ್ಲೇ ಇತ್ತು, ದಿನಾ ನೋಡುತ್ತಿದ್ದೆ.

ಗುರುವಾರದ ಉಳಿದ ಹೊತ್ತೆಲ್ಲ ಆರ್‌ಎ ಮತ್ತೆ ಬರೆಯುವುದರಲ್ಲಿ ಹೋಯಿತು. ಕಂಬ, ಸ್ಟೇ ವೈರ್, ಸೈದ್ ಬೀಸಲು ಜಾಗ ಇಲ್ಲ. ಸೈದ್ ಬಿಟ್ಟು ಕುಡುಗೋಲು ಅಂತ ಬದಲಾಯಿಸಿದೆ. ಕುಡುಗೋಲು ಸೇರಿಸಲು ಫಾರ್ಮಿನಲ್ಲಿ ಜಾಗವೇ ಇಲ್ಲ, "ಇತರೆ" ಅಂತ ಹಾಕಿದೆ. ಸೈನ್ ಆಫ್ ಬಂದದ್ದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಒಂದು ಹಿಡಿ ಗೋಧಿ ಕೊಯ್ಯಲು ಮೂರು ಸಹಿ ಬೇಕಾಯಿತು. ಸುರಕ್ಷತೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಲವನ್ನು ಒಂದು ಸಲ ಬಂದು ನೋಡದವರು ಹೊಲದ ಫಾರ್ಮಿಗೆ ಸಹಿ ಹಾಕುವುದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಶುಕ್ರವಾರ ಮಳೆ ನಿಂತು ತುಂತುರು ಮಾತ್ರ ಇತ್ತು. ಅರುವತ್ತು ಜನ ಬಂದರು, ದೊಡ್ಡ ಪಟ್ಟಿಯ ಬದಲು ಕಂಬದ ಸುತ್ತ ಅರ್ಧ ವೃತ್ತವಾಗಿ ನಿಂತರು. ಎಲ್ಲರೂ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಹಿರಿಯರು ಬಗ್ಗಿ ಕೊಯ್ದರು. ಕುಡುಗೋಲಿನ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ತೆನೆ ಮೇಲೆತ್ತಿದಾಗ ನೀರು ಅವರ ತೋಳಿನೊಳಗೆ ಇಳಿಯಿತು. "ಇಮಾ ಗೆನೆವ್!" ಅಂದರು. ನಾನು ಸ್ಟೀವರ್ಡ್ ಜಾಕೆಟ್ ಹಾಕಿಕೊಂಡು ಗೇಟಿನಲ್ಲಿ ಇರಬೇಕಾದವಳು, ಜನರ ನಡುವೆ ನಿಂತು ಜೋರಾಗಿ ಕೇಳಿದೆ, "ಪಾಂಡ್ರುಸ್ ಗೆನೆಸ್?" ಮೂರು ಸಲ.

ಊರಿನ ಹಾಲ್‌ನಲ್ಲಿ ಊಟದ ಮುಂಚೆ ಹೆಂಗಸರು ನೆಕ್ ಹೆಣೆದರು. ಈಗಿನ ಗೋಧಿ ಗಿಡ್ಡ ತಳಿ, ಕಾಂಡ ಮುರಿಯುತ್ತದೆ. ಹೆಣೆಯುವವರು ಮ್ಯಾರಿಸ್ ವಿಜನ್ ತರಹದ ಹಳೆಯ ಉದ್ದ ತಳಿ ಹುಡುಕುತ್ತಾರೆ. ಇದು ಎರಡು ದಿನ ಮಳೆಯಲ್ಲಿ ನೆಂದಿದ್ದರಿಂದ ಮೆತ್ತಗಾಗಿತ್ತು, ಮುರಿಯದೆ ಬಾಗಿತು. ಕೆಂಪು ರಿಬ್ಬನ್ ಕಟ್ಟಿ ಚರ್ಚಿನಲ್ಲಿ ತೂಗುಹಾಕಿದರು. ಡ್ರೈವರ್ ಹುಡುಗ ಬಂದಿರಲಿಲ್ಲ. ಬೇರೆ ಊರಿನಲ್ಲಿ ಕೊಯ್ಲು. ಕರೆಯುವವರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ, ಪಟ್ಟಿ ಮಾಡಿದ್ದು ನಾನು. ಎರಡು ಪಾಸ್ಟಿ ಕಟ್ಟಿಸಿಕೊಂಡು ಮರುದಿನ ಅವನಿಗೆ ಕೊಟ್ಟು ಬಂದೆ.

ಈಗ ನನ್ನ ಶೀಟಿನ ಮೊದಲ ಸಾಲು ಅವನ ನಂಬರು. ತಾರೀಖಿನ ಜಾಗದಲ್ಲಿ ಎರಡು ದಿನ ಬರೆದು ಎರಡಕ್ಕೂ ಟೆನ್ ಹಾಕುತ್ತೇನೆ. ಇನ್ನೊಂದು 21 ಪೌಂಡ್ ಯಾಕೆ ಅಂತ ಆಫೀಸಿನಲ್ಲಿ ಕೇಳುತ್ತಾರೆ, ಪ್ರತಿ ಸಲ ಉತ್ತರ ಬರೆಯುತ್ತೇನೆ. ಯಾರಾದರೂ ಡ್ರೆಕ್ಲಿ ಅಂದರೆ ಫೋನ್ ಇಡುವ ಮುಂಚೆ "ಯಾವತ್ತು?" ಅಂತ ಕೇಳುತ್ತೇನೆ.

ಈ ಆಗಸ್ಟ್‌ನಲ್ಲಿ ಒಂದು ಮಂಗಳವಾರ ಫೋನ್ ಬಂತು. ಹಿಂದೆ ಇಂಜಿನ್ ಸದ್ದು. "ನಾಳೆ ಸಂಜೆ ನಿಮ್ಮ ಹೊಲಕ್ಕೆ ಇಳೀತೀನಿ," ಅಂದ ಹುಡುಗ. "ಕಂಬದ ಸುತ್ತ ಎಷ್ಟು ಬಿಡಲಿ?"