ಪೆನ್ಸಿಲ್ಲಿನ ಎಂಟು ರೂಪಾಯಿ

ಬೆಳಿಗ್ಗೆ ಅಟ್ಟದ ಪೆಟ್ಟಿಗೆಯ ದೂಳು ಕೊಡವುತ್ತಿದ್ದಾಗ ವಿಶ್ವವಿದ್ಯಾಲಯದ ಪ್ರಸಾರಾಂಗ ಪ್ರಕಟಿಸಿದ ಒಂದು ಪುಟ್ಟ ಪುಸ್ತಕ ಕೈಗೆ ಬಂತು. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನ ಅಂಕಿಗಳು. 15, ಹೊಡೆದುಹಾಕಿದೆ. 11, ಅದನ್ನೂ ಹೊಡೆದುಹಾಕಿದೆ. ಕೆಳಗೆ 8.

ಅಂದರೆ ನನಗಿಂತ ಮೊದಲು ಇಬ್ಬರು ಇದನ್ನು ಕೊಂಡು, ಓದಿ, ಅಂಗಡಿಗೇ ಮರಳಿಸಿದ್ದರು. ಓದಿದ್ದರೋ ಇಲ್ಲವೋ, ಮರಳಿಸಿದ್ದಂತೂ ನಿಜ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ತುದಿಗಿದ್ದ ಹಳೆ ಪುಸ್ತಕದ ಅಂಗಡಿ. ಯಜಮಾನರು ಮರಳು ಕಾಗದ ಹಿಡಿದು ಪುಸ್ತಕದ ಅಂಚು ಉಜ್ಜುತ್ತ ಕುಳಿತಿರುತ್ತಿದ್ದರು. ಪಂಚೆಯ ಮೇಲೆಲ್ಲ ಕಂದು ಪುಡಿ. ಬೆನ್ನು ಕಿತ್ತ ಪುಸ್ತಕಕ್ಕೆ ಮೈದಾ ಅಂಟು, ಮೇಲೊಂದು ಹಳೆಯ ಕ್ಯಾಲೆಂಡರಿನ ಹಾಳೆ. ನನ್ನ ಬೀಜಗಣಿತದ ರಟ್ಟಿನ ಮೇಲೆ ಲಕ್ಷ್ಮಿಯ ಅರ್ಧ ಮುಖವಿತ್ತು. ಅಂಕ ಮಾತ್ರ ಒಲಿಯಲಿಲ್ಲ.

ಚೌಕಾಸಿಗೆ ಬಗ್ಗುವವರಲ್ಲ. "ಓದಿ ತಂದುಕೊಡು ಮಗು, ಐದು ರೂಪಾಯಿ ವಾಪಸ್ ಕೊಡುತ್ತೇನೆ. ಒಳಗೆ ಗೆರೆ ಎಳೆದಿದ್ದರೆ ನಾಲ್ಕೇ."

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು, ಅಲ್ಲಿನ ಹಳೆ ಪುಸ್ತಕದ ಅಂಗಡಿಗಳು ಎದ್ದುಹೋದಾಗ ಊರೇ ಮಾತನಾಡಿಕೊಂಡಿತು. ನಮ್ಮ ಬೀದಿಯ ಅಂಗಡಿಗೆ ಬಾಗಿಲು ಬಿದ್ದದ್ದು ನನಗೇ ಗೊತ್ತಾಗಲಿಲ್ಲ. ರಜೆಗೆ ಬಂದಾಗ ಅಲ್ಲಿ ಮೊಬೈಲ್ ರಿಪೇರಿಯ ಬೋರ್ಡು. ಯಜಮಾನರು ಎಲ್ಲಿಗೆ ಹೋದರೆಂದು ಕೇಳಬಹುದಿತ್ತು. ಚಾರ್ಜರ್ ಕೊಂಡು ಬಂದೆ.

ಇವತ್ತು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಪುಸ್ತಕ ತಿರುವಿದೆ. ನಡುವಿನ ಒಂದು ಪುಟದಲ್ಲಿ ನೀಲಿ ಶಾಯಿಯ ಗೆರೆ, ಸ್ಕೇಲ್ ಇಡದೆ ಎಳೆದದ್ದು. ನನ್ನದೇ ಕೈ.

ನಾಲ್ಕೇ ರೂಪಾಯಿ.